ಬಾಕಿ ಕಾರು: ಶಿರಸಿಯಲ್ಲಿ ಮಾರಾಟಕ್ಕಿರುವ 1965ರ ಮರ್ಸಿಡಿಸ್ 230 ಎಸ್‌ಎಲ್ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಜಾಹೀರಾತು ಕೊಟ್ಟು ಮೂರು ವಾರವಾಯಿತು. ಅಡಿಕೆ ಕೊಯ್ಲಿನ ಗಡಿಬಿಡಿಯಲ್ಲೂ ಫೋನು ಬಡಿದುಕೊಳ್ಳುತ್ತಲೇ ಇದೆ. ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಅವೇ. ಒಂದೇ ಉತ್ತರವನ್ನು ನಲವತ್ತು ಸಲ ಹೇಳಿದರೆ ನಲವತ್ತನೆಯವರ ಪಾಲಿಗೆ ನನ್ನ ಸಿಡುಕು ಬರುತ್ತದೆ. ಪಾಪ, ಅದು ಅವರ ತಪ್ಪಲ್ಲ. ಅದಕ್ಕೇ ಇಲ್ಲಿ ಬರೆದಿಟ್ಟಿದ್ದೇನೆ. ಓದಿದ ಮೇಲೂ ಕೊಳ್ಳುವ ಮನಸ್ಸು ಉಳಿದಿದ್ದರೆ ಫೋನು ಮಾಡಿ.

ಇದು ಯಾವ ಕಾರು? ಸರಿಯಾಗಿ ಹೇಳಿ.

ಮರ್ಸಿಡಿಸ್-ಬೆಂಜ್ 230 ಎಸ್‌ಎಲ್. ಕಂಪನಿಯ ಒಳಗಿನ ಹೆಸರು ಡಬ್ಲ್ಯು 113. 1963ರ ಮಾರ್ಚ್‌ನಲ್ಲಿ ಜಿನೀವಾ ಮೋಟಾರು ಪ್ರದರ್ಶನದಲ್ಲಿ ಮೊದಲು ಕಾಣಿಸಿಕೊಂಡಿತು. ಅಲ್ಲಿಯವರೆಗೆ ಕಂಪನಿಯ ಬಳಿ ಸಾಧು ಸ್ವಭಾವದ 190 ಎಸ್‌ಎಲ್, ಉಗ್ರ ಸ್ವಭಾವದ 300 ಎಸ್‌ಎಲ್ ಎಂಬ ಎರಡು ಸ್ಪೋರ್ಟ್ಸ್ ಕಾರುಗಳಿದ್ದವು. ಎರಡರ ಜಾಗಕ್ಕೂ ಬಂದದ್ದು ಇದೊಂದೇ. 2306 ಸಿಸಿ, ಸಾಲಾಗಿ ಆರು ಸಿಲಿಂಡರ್, 150 ಅಶ್ವಶಕ್ತಿ, ನಾಲ್ಕು ಗೇರು, ಮುಂದೆ ಡಿಸ್ಕ್ ಬ್ರೇಕ್, ಹಿಂದೆ ಡ್ರಮ್. 230 ಎಸ್‌ಎಲ್ ಒಟ್ಟು 19,831 ತಯಾರಾದವು; ಬಳಿಕ ಬಂದ 250 ಮತ್ತು 280ನ್ನೂ ಸೇರಿಸಿದರೆ 1971ರ ವರೆಗೆ 48,912. ನಮ್ಮದು 1965ರದ್ದು. ಬಲಗಡೆ ಸ್ಟೀರಿಂಗ್, ಬಿಳಿ ಬಣ್ಣ (ಕಂಪನಿಯ ಬಣ್ಣದ ಸಂಖ್ಯೆ 050), ಒಳಗೆ ಕೆಂಪು ಆಸನ. ಓಡಿದ್ದು 1,12,000 ಕಿ.ಮೀ. ಚಿಲ್ಲರೆ.

ಎಸ್‌ಎಲ್ ಎಂಬುದರಲ್ಲಿರುವ ಎಲ್ ಎಂದರೆ ಜರ್ಮನ್ ಭಾಷೆಯಲ್ಲಿ ಹಗುರ ಎಂದರ್ಥ. ತೂಕ ಸುಮಾರು 1,300 ಕಿಲೊ. ಎಷ್ಟು ಹಗುರ ಎಂಬುದನ್ನು ಜೂನ್ ತಿಂಗಳ ಕೆಸರಿನಲ್ಲಿ ಇದನ್ನು ತಳ್ಳಿದ ನಮ್ಮ ಕೆಲಸದವರನ್ನು ಕೇಳಿ.

ಶಿರಸಿಯಲ್ಲಿ ಬೆಂಜ್ ಎಂದರೆ ಲಾರಿಯಲ್ಲವೇ?

ಹೌದು, ನಮ್ಮ ಅಪ್ಪನ ಕಾಲದವರಿಗೆ ಬೆಂಜ್ ಎಂದರೆ ಲಾರಿಯೇ. 1954ರಿಂದ 1969ರ ವರೆಗೆ ಟಾಟಾದವರು ಜರ್ಮನ್ ಕಂಪನಿಯ ಸಹಯೋಗದಲ್ಲಿ ಲಾರಿ ಕಟ್ಟುತ್ತಿದ್ದರು, ಮೂತಿಯ ಮೇಲೆ ಮೂರು ಮೊನೆಯ ಅದೇ ನಕ್ಷತ್ರವಿರುತ್ತಿತ್ತು. ಈ ಕಾರು ಮೊದಲು ಬಂದಾಗ ಊರಿನ ಹಿರಿಯರೊಬ್ಬರು ಸುತ್ತು ಹಾಕಿ ನೋಡಿ, ‘ಇದರ ಡೆಕ್ ಎಲ್ಲಿ ಹೋಯಿತು?’ ಎಂದು ಕೇಳಿದ್ದರು.

ಇಂಥ ಕಾರು ನಿಮ್ಮ ಕೈಗೆ ಹೇಗೆ ಬಂತು?

ಅಡಿಕೆ ಬಾಕಿಗೆ ಬಂತು. ಮೊದಲ ಮಾಲೀಕರು ದೆಹಲಿಯ ಒಂದು ರಾಯಭಾರ ಕಚೇರಿಯ ಅಧಿಕಾರಿ. ಆಗ ಅಂಥ ಕಾರುಗಳು ಸ್ಟೇಟ್ ಟ್ರೇಡಿಂಗ್ ಕಾರ್ಪೊರೇಷನ್ ಮೂಲಕ ವಿಲೇವಾರಿಯಾಗುತ್ತಿದ್ದವು. ಹಾಗೆ ಇದನ್ನು ಕೊಂಡವರು ಮುಂಬಯಿಯ ಅಡಿಕೆ ವ್ಯಾಪಾರಿ. ಅವರು ಅಪ್ಪನಿಗೆ ಎರಡು ಹಂಗಾಮಿನ ಚಾಲಿಯ (ಒಣಗಿಸಿ ಸುಲಿದ ಅಡಿಕೆಯ) ಹಣ ಕೊಡಬೇಕಿತ್ತು. 1979ರಲ್ಲಿ ಅಪ್ಪ ಕೈಚೀಲ ಹಿಡಿದು ಬಾಕಿ ವಸೂಲಿಗೆಂದು ಮುಂಬಯಿಗೆ ಹೋದವರು, ಐದನೇ ದಿನ ಪುಣೆ, ಕೊಲ್ಲಾಪುರ, ಬೆಳಗಾವಿ, ಹುಬ್ಬಳ್ಳಿ ಹಾದು ಈ ಕಾರಿನಲ್ಲಿ ಮನೆಗೆ ಬಂದರು. ಅಮ್ಮ ಅಂಗಳದಲ್ಲಿ ನಿಂತು ಕೇಳಿದ್ದು ಒಂದೇ ಮಾತು: ‘ಇದನ್ನು ಯಾವ ಅಟ್ಟದಲ್ಲಿ ಒಣಗಿಸುವುದು?’ ಆಮೇಲೆ ಮೂರು ದಿನ ಅಪ್ಪನ ಜೊತೆ ಮಾತಿಲ್ಲ. ಕೊನೆಯವರೆಗೂ ಅವಳ ಬಾಯಲ್ಲಿ ಇದು ‘ಬಾಕಿ ಕಾರು’. ಈಗ ಊರಿಗೆಲ್ಲ ಅದೇ ಹೆಸರು. ನಮ್ಮ ಮನೆ ಹುಡುಕುತ್ತ ಬಂದರೆ ಬೆಂಜ್ ಎನ್ನಬೇಡಿ, ಬಾಕಿ ಕಾರಿನ ಮನೆ ಎನ್ನಿ.

ಮಾಡು ನಡುವೆ ತಗ್ಗಿದೆಯಲ್ಲ, ಏನಾದರೂ ಬಿದ್ದು ಒಳಗೆ ಹೋಗಿದೆಯೇ?

ಇಲ್ಲ. ಅದು ಹುಟ್ಟಿನಿಂದಲೇ ಹಾಗೆ. ಈ ಕಾರಿಗೆ ಲೋಕವೆಲ್ಲ ಪಗೋಡಾ ಎನ್ನುವುದು ಅದೇ ಕಾರಣಕ್ಕೆ: ಬೌದ್ಧ ದೇಗುಲದ ಸೂರಿನಂತೆ ಎರಡೂ ಅಂಚು ಎತ್ತರ, ನಡುವೆ ತಗ್ಗು. ಕಾರಿನ ರೂಪ ಪೌಲ್ ಬ್ರಾಕ್ ಅವರದು. ಮಾಡಿನ ಹಿಂದಿನ ತಲೆ ಬೇಲಾ ಬರೆನಿ ಎಂಬ ಎಂಜಿನಿಯರ್‌ನದು. ಅಪಘಾತದಲ್ಲಿ ಮುಂದಿನ ಮತ್ತು ಹಿಂದಿನ ಭಾಗ ನುಜ್ಜಾಗಿ, ಜನ ಕೂತ ಗೂಡು ಮಾತ್ರ ಗಟ್ಟಿಯಾಗಿ ಉಳಿಯಬೇಕು ಎಂಬ ಯೋಚನೆಗೆ ಪೇಟೆಂಟ್ ಪಡೆದವರು ಅವರೇ. ಆ ವಿಧಾನದಲ್ಲಿ ಕಟ್ಟಿದ ಮೊದಲ ಸ್ಪೋರ್ಟ್ಸ್ ಕಾರು ಇದು. ನಡುವೆ ತಗ್ಗಿಸಿದ್ದರಿಂದ ಮಾಡಿಗೆ ಬಲ ಬಂತು, ಬದಿಯ ಗಾಜನ್ನು ಎತ್ತರಿಸಿ ಹತ್ತಿ ಇಳಿಯುವುದನ್ನು ಸುಲಭಗೊಳಿಸಲೂ ಆಯಿತು.

ಅವರ ಮೇಲೆ ನನ್ನದೊಂದೇ ತಕರಾರು. ನಮ್ಮ ಕಡೆ ಮಾಡು ಎಂದರೆ ನೀರನ್ನು ಹೊರಗೆ ಜಾರಿಸುವುದು. ಹೆಂಚಿನ ಮನೆಯಿರಲಿ, ಭಟ್ಕಳದ ಕಲ್ಲಿನ ದೇವಸ್ಥಾನವಿರಲಿ, ಚಾವಣಿ ಇಳಿಜಾರು. ಈ ಮಾಡಿನ ಮೇಲೆ ಆಷಾಢದಲ್ಲಿ ನೀರು ನಿಲ್ಲುತ್ತದೆ. ಒಮ್ಮೆ ರಾತ್ರಿಯೆಲ್ಲ ಹೊರಗೆ ನಿಂತಿದ್ದಾಗ ಬೆಳಿಗ್ಗೆ ಗುಬ್ಬಿ ಸ್ನಾನ ಮಾಡುತ್ತಿತ್ತು. ಈ ಗಟ್ಟಿ ಮಾಡನ್ನು ಎತ್ತಿ ತೆಗೆಯಬಹುದು, ಇಬ್ಬರು ಬೇಕು. ಅದರಡಿ ಬಟ್ಟೆಯ ಮಡಚುವ ಮಾಡೂ ಇದೆ, 2016ರಲ್ಲಿ ಹೊಸದು ಹೊಲಿಸಿದ್ದು.

ತುಕ್ಕು ಹಿಡಿದಿದೆಯೇ?

ಕೇಳಬೇಕಾದ ಪ್ರಶ್ನೆ ಇದು. ಮೈಲೇಜ್ ಕೇಳುವ ಹತ್ತು ಜನರ ನಡುವೆ ಇದನ್ನು ಕೇಳುವವರು ಒಬ್ಬರು. ಆ ಒಬ್ಬರಿಗೆ ನಾನು ಕಾಫಿ ಕೊಟ್ಟು ಮಾತನಾಡುತ್ತೇನೆ.

ಹಿಡಿದಿತ್ತು. 1994ರಲ್ಲಿ ನಮ್ಮ ಮನೆ ಕೆಡವಿ ಕಟ್ಟುವಾಗ ಕಾರು ನಿಲ್ಲಿಸಲು ಜಾಗವಿಲ್ಲದೆ ಕಾರವಾರದ ಕೋಡಿಬಾಗದಲ್ಲಿದ್ದ ಅಕ್ಕನ ಮನೆಯಲ್ಲಿ ಬಿಟ್ಟೆವು. ಅಲ್ಲಿಂದ ಕಡಲು ಕೂಗಳತೆ. ಭಾವ ಪಾಪ ಕಾಳಜಿಯಿಂದಲೇ ಪ್ಲಾಸ್ಟಿಕ್ ತಾಡಪಾಲು ಬಿಗಿಯಾಗಿ ಹೊದಿಸಿ ಹಗ್ಗ ಕಟ್ಟಿದರು. ಉಪ್ಪುಗಾಳಿ ಒಳಗೆ ಹೊಕ್ಕಿತು, ಹೊರಗೆ ಬರಲು ದಾರಿ ಇರಲಿಲ್ಲ. ಎರಡು ಮಳೆಗಾಲ ಹಾಗೇ ಕಳೆಯಿತು. 1996ರಲ್ಲಿ ತಂದು ಒಂದು ಗ್ಯಾರೇಜಿಗೆ ಟಿಂಕರಿಂಗ್‌ಗೆ ಕೊಟ್ಟೆ. ಕನ್ನಡಿಯಂತೆ ಹೊಳೆಸಿ ಕೊಟ್ಟರು, ನಾನು ಹಿಗ್ಗಿ ದುಡ್ಡು ಕೊಟ್ಟೆ.

1998ರ ಬೇಸಿಗೆಯಲ್ಲಿ ಒಳಗೆ ಹಳೆಯ ಗೋಣಿಯ ವಾಸನೆ ಬರುತ್ತದೆಂದು ಚಾಲಕನ ಕಾಲಡಿಯ ಕೆಂಪು ಚಾಪೆ ಎತ್ತಿದೆ. ಕೆಳಗೆ ಕಪ್ಪು ಟಾರು ಪದರ ಉಬ್ಬಿ ನಿಂತಿತ್ತು. ಸ್ಕ್ರೂಡ್ರೈವರ್ ತುದಿಯಿಂದ ಕೆದಕಿದರೆ ಹಪ್ಪಳ ಚುಚ್ಚಿದಂತೆ ಸರಕ್ಕನೆ ಇಳಿಯಿತು. ತೂತಿನಲ್ಲಿ ಬಗ್ಗಿ ನೋಡಿದರೆ ಅಂಗಳದ ಸಗಣಿ ಸಾರಿಸಿದ ನೆಲ ಕಾಣುತ್ತಿತ್ತು. ಆಮೇಲೆ ಬಾಗಿಲ ಕೆಳಗಿನ ಉದ್ದ ಪೆಟ್ಟಿಗೆಯನ್ನು ತಟ್ಟಿ ನೋಡಿದೆ. ಎಡಗಡೆ ಠಣ್ ಎಂದಿತು, ಬಲಗಡೆ ಮಡಕೆಯ ಮಣ್ಣು ತಟ್ಟಿದ ಸದ್ದು. ಬಲಗಡೆಯಿಡೀ ಪುಟ್ಟಿ. ಜಾಕ್ ಕೊಡುವ ತೂತಿನ ಸುತ್ತ ಬೆರಳು ದಪ್ಪ ಮೆತ್ತಿ, ಅದರ ಮೇಲೆ ಬಣ್ಣ ಹೊಡೆದಿದ್ದರು. ಅಲ್ಲಿ ಜಾಕ್ ಹಚ್ಚಿದ್ದರೆ ಕಾರು ಏಳುತ್ತಿರಲಿಲ್ಲ, ಜಾಕ್ ಒಳಗೆ ಹೋಗುತ್ತಿತ್ತು.

ಈ ಕಾರಿಗೆ ಲಾರಿಯಂತೆ ಬೇರೆ ಚಾಸಿ ಇಲ್ಲ. ನೆಲ ಮತ್ತು ಆ ಪೆಟ್ಟಿಗೆಗಳೇ ಬೆನ್ನೆಲುಬು. ಕಾಯಂ ಮಾಡು ಇಲ್ಲದ ಇಂಥ ಕಾರಿನಲ್ಲಿ ಅವು ಕೊಳೆತರೆ ನಡು ಕುಸಿಯುತ್ತದೆ, ಬಾಗಿಲು ಹಾಕಲು ಬರುವುದಿಲ್ಲ. 1999ರಲ್ಲಿ ಎರಡೂ ಪೆಟ್ಟಿಗೆ, ಬಲಗಡೆಯ ನೆಲ, ನಾಲ್ಕೂ ಜಾಕ್ ತೂತಿನ ಸುತ್ತಲಿನ ತಗಡು, ಇಷ್ಟನ್ನು ಕತ್ತರಿಸಿ ತೆಗೆದು ಹೊಸ ಉಕ್ಕಿನ ತಗಡು ಮಡಚಿ ಬೆಸೆಸಿದೆ. ಕತ್ತರಿಸುವ ಮೊದಲು ಎರಡೂ ಬಾಗಿಲಿನ ನಡುವೆ ಕಬ್ಬಿಣದ ಸಲಾಕೆ ಬೆಸೆದು ಕಾರನ್ನು ಹಿಡಿದಿಟ್ಟುಕೊಂಡದ್ದರಿಂದ ನಡು ಕದಲಲಿಲ್ಲ. ಹದಿನಾಲ್ಕು ತಿಂಗಳು ಹಿಡಿಯಿತು. ಪ್ರತಿ ಹಂತದ ಫೋಟೊ ಒಂದು ಆಲ್ಬಮ್‌ನಲ್ಲಿದೆ, ಕಾರಿನ ಜೊತೆ ಅದೂ ನಿಮ್ಮದು. ಕಾರಿಗಿಂತ ಮೊದಲು ಆಲ್ಬಮ್ ನೋಡಿ ಎನ್ನುತ್ತೇನೆ.

ಈಗ ಮೂರು ಕಡೆ ಕಣ್ಣಿಡಬೇಕು: ಡಿಕ್ಕಿಯಲ್ಲಿ ಸ್ಟೆಪ್ನಿಯ ಕೆಳಗೆ ನಾಣ್ಯದಗಲ ಕಲೆ, ಎಡ ಹೆಡ್‌ಲೈಟ್‌ನ ಹಿಂದಿನ ಬಟ್ಟಲಿನಲ್ಲಿ ತುಕ್ಕಿನ ಶುರು, ಬಲ ಬಾಗಿಲಿನ ಕೆಳಅಂಚಿನಲ್ಲಿ ಬಿಳಿ ಪುಡಿ. ಕೊನೆಯದು ತುಕ್ಕಲ್ಲ. ಬಾಗಿಲಿನ ಹೊರ ತಗಡು ಅಲ್ಯೂಮಿನಿಯಂ, ಒಳಚೌಕಟ್ಟು ಉಕ್ಕು. ಎರಡರ ನಡುವೆ ಉಪ್ಪು ತೇವ ಕೂತರೆ ಅಲ್ಯೂಮಿನಿಯಂ ತನ್ನನ್ನೇ ಸವೆಸಿಕೊಳ್ಳುತ್ತದೆ. ಕೋಡಿಬಾಗದ ನೆನಪು ಅದೊಂದು ಉಳಿದಿದೆ.

ಅಯಸ್ಕಾಂತ ತಂದು ಪರೀಕ್ಷಿಸಬಹುದೇ?

ಧಾರಾಳವಾಗಿ. ಆದರೆ ಬಾನೆಟ್, ಎರಡೂ ಬಾಗಿಲು, ಡಿಕ್ಕಿಯ ಮುಚ್ಚಳ, ಬಟ್ಟೆ ಮಾಡು ಅಡಗುವ ಗುಂಡಿಯ ಮುಚ್ಚಳ ಇವು ಕಂಪನಿಯಿಂದಲೇ ಅಲ್ಯೂಮಿನಿಯಂ. ಅಲ್ಲಿ ಅಯಸ್ಕಾಂತ ಅಂಟುವುದಿಲ್ಲ. ಹುಬ್ಬಳ್ಳಿಯಿಂದ ಬಂದ ಒಬ್ಬರು ಬಾಗಿಲಿಗೆ ಹಚ್ಚಿ, ಅಂಟಲಿಲ್ಲವೆಂದು ನನ್ನನ್ನು ಕಳ್ಳನನ್ನು ನೋಡುವಂತೆ ನೋಡಿ ಹೋದರು. ನೀವು ಮಡ್‌ಗಾರ್ಡ್‌ಗಳಿಗೆ ಹಚ್ಚಿ ನೋಡಿ. ಬಾನೆಟ್ ಎತ್ತಿ ಮುಂದಿನ ಮಡ್‌ಗಾರ್ಡ್‌ನ ಒಳ ಅಂಚಿನಲ್ಲಿ ಸಾಲಾಗಿ ಬೆರಳೊತ್ತಿದಂಥ ಗುಳಿಗಳಿವೆ, ಕಾರ್ಖಾನೆಯ ಬೆಸುಗೆಯ ಗುರುತು. ಮಡ್‌ಗಾರ್ಡ್ ಬದಲಿಸಿದ ಕಾರುಗಳಲ್ಲಿ ಅವು ಸಾಮಾನ್ಯವಾಗಿ ಮಾಯವಾಗಿರುತ್ತವೆ. ಇಲ್ಲಿ ಎರಡೂ ಬದಿ ಇವೆ.

ಇಷ್ಟು ಮಳೆ ಬೀಳುವ ಊರಿನಲ್ಲಿ ಹೇಗೆ ಕಾಪಾಡಿದಿರಿ?

ಕೋಡಿಬಾಗದಲ್ಲಿ ಕಲಿತ ಪಾಠದಿಂದ. ಮನೆಯ ಹಿಂದೆ ಹಳೆಯ ಅಡಿಕೆ ಕೋಣೆಯಿದೆ. ದಪ್ಪ ಮಣ್ಣಿನ ಗೋಡೆ, ಮೇಲೆ ಹಲಗೆಯ ಅಟ್ಟ. ಚಾಲಿಯನ್ನು ಬೂಸ್ಟು ಹಿಡಿಯದಂತೆ ಇಡಲು ಅಜ್ಜ ಕಟ್ಟಿಸಿದ್ದು. ಚಾಲಿಗೆ ಒಳ್ಳೆಯದಾದದ್ದು ಉಕ್ಕಿಗೂ ಒಳ್ಳೆಯದೇ. ಮೊದಲ ವರ್ಷಗಳಲ್ಲಿ ಕಾರಿನ ಅಡಿ ಅಗಲ ಬಾಯಿಯ ಹಂಡೆಗಳಲ್ಲಿ ಸುಟ್ಟ ಸುಣ್ಣದ ಕಲ್ಲು ಇಡುತ್ತಿದ್ದೆವು. ಅದು ತೇವ ಹೀರಿ ಹೀರಿ ಅರಳಿ, ತಿಂಗಳೊಳಗೆ ಹಿಟ್ಟಾಗುತ್ತಿತ್ತು. ಈಗ ತೇವ ಹೀರುವ ವಿದ್ಯುತ್ ಯಂತ್ರವಿದೆ, ಜುಲೈನಲ್ಲಿ ದಿನಕ್ಕೆ ಅರ್ಧ ಬಕೆಟ್ ನೀರು ಹಿಂಡುತ್ತದೆ. ಕರೆಂಟು ಹೋದರೆ ಸುಣ್ಣ. ನಮ್ಮಲ್ಲಿ ಕರೆಂಟು ಎಷ್ಟು ಹೋಗುತ್ತದೆಂದು ಕೇಳಬೇಡಿ, ಹಂಡೆಗಳನ್ನು ಇನ್ನೂ ಮಾರಿಲ್ಲ.

ಜೂನ್ ಮೊದಲ ವಾರ ಬ್ಯಾಟರಿ ಕಳಚುತ್ತೇನೆ, ಟ್ಯಾಂಕಿನ 65 ಲೀಟರನ್ನೂ ತುಂಬಿಸುತ್ತೇನೆ, ಖಾಲಿ ಟ್ಯಾಂಕಿನ ಒಳಗೋಡೆಯಲ್ಲಿ ನೀರು ಬೆವರಬಾರದೆಂದು. ಹೊದಿಕೆ ಹಳೆಯ ಹತ್ತಿ ಪಂಚೆಗಳದ್ದು; ಪ್ಲಾಸ್ಟಿಕ್ ಹತ್ತಿರ ಸುಳಿಯಕೂಡದು. ವಾರಕ್ಕೊಮ್ಮೆ ಐದು ನಿಮಿಷ ಎಂಜಿನ್ ತಿರುಗಿಸಿಡಿ ಎನ್ನುವವರಿದ್ದಾರೆ. ಅದು ಕೆಟ್ಟ ಅಭ್ಯಾಸ. ಐದು ನಿಮಿಷದಲ್ಲಿ ಸೈಲೆನ್ಸರ್ ಒಳಗೆ ನೀರು ಹುಟ್ಟುತ್ತದೆ, ಒಣಗುವಷ್ಟು ಬಿಸಿಯಾಗುವುದಿಲ್ಲ. ಮಳೆ ಬಿಟ್ಟ ದಿನ 20 ಕಿ.ಮೀ. ಓಡಿಸಬೇಕು, ಇಲ್ಲವೇ ಮುಟ್ಟಬಾರದು. ಬ್ರೇಕ್ ಎಣ್ಣೆ ಗಾಳಿಯ ತೇವ ಹೀರುವ ವಸ್ತು. ಬೇರೆ ಕಡೆ ಎರಡು ವರ್ಷಕ್ಕೊಮ್ಮೆ ಬದಲಿಸಿದರೆ ಇಲ್ಲಿ ವರ್ಷಕ್ಕೊಮ್ಮೆ. ಪೆಟ್ಟಿಗೆಗಳ ಒಳಗೆ ಎರಡು ವರ್ಷಕ್ಕೊಮ್ಮೆ ಮೇಣ ಸಿಂಪಡಿಸುತ್ತೇನೆ. ಹೆಗ್ಗಣಗಳಿಗೆ ಬೆಕ್ಕಿದೆ. ಬೆಕ್ಕು ಮಾರಾಟಕ್ಕಿಲ್ಲ.

ನೀವು ಕಾರವಾರ, ಅಂಕೋಲೆ, ಹೊನ್ನಾವರದ ಕಡಲಂಚಿನವರಾದರೆ ಕಾರು ನಿಲ್ಲಿಸುವ ಜಾಗದ ಫೋಟೊ ಕಳುಹಿಸಿ, ಆಮೇಲೆ ಮಾತನಾಡೋಣ. ಉದ್ಧಟತನ ಎನಿಸಬಹುದು, ಎನಿಸಲಿ.

ಮೈಲೇಜ್ ಎಷ್ಟು ಕೊಡುತ್ತದೆ?

ಲೀಟರಿಗೆ ಏಳರಿಂದ ಎಂಟು. ಘಾಟಿಯಲ್ಲಿ ಆರು.

ಈಗಿನ ಎಥೆನಾಲ್ ಬೆರೆತ ಪೆಟ್ರೋಲ್ ಆಗುತ್ತದೆಯೇ?

ಓಡುತ್ತದೆ, ಆದರೆ ಕಾರಿಗೆ ಅದು ಇಷ್ಟವಿಲ್ಲ. ಎಂಜಿನ್ನಿನ ಒತ್ತು (ಕಂಪ್ರೆಷನ್) 9.3ಕ್ಕೆ 1, ಅಂದಿನ ಕಾಲಕ್ಕೆ ಹೆಚ್ಚೇ. ಹಾಗಾಗಿ ಹೆಚ್ಚು ಆಕ್ಟೇನ್‌ನ ದುಬಾರಿ ಪೆಟ್ರೋಲನ್ನೇ ಹಾಕಿಸಬೇಕು, ಇಲ್ಲವಾದರೆ ಏರಿನಲ್ಲಿ ಟಕಟಕ ಹೊಡೆಯುತ್ತದೆ. ಎಥೆನಾಲ್ ಹಳೆಯ ರಬ್ಬರನ್ನು ತಿನ್ನುತ್ತದೆ, ನೀರನ್ನೂ ಎಳೆಯುತ್ತದೆ. ಟ್ಯಾಂಕಿನಿಂದ ಎಂಜಿನ್‌ವರೆಗಿನ ಎಲ್ಲ ರಬ್ಬರ್ ಕೊಳವೆಗಳನ್ನು 2023ರಲ್ಲಿ ಎಥೆನಾಲ್ ತಡೆಯುವ ಜಾತಿಯದಕ್ಕೆ ಬದಲಿಸಿದ್ದೇನೆ. ಅಕ್ಟೋಬರ್‌ನಲ್ಲಿ ಟ್ಯಾಂಕಿನ ತಳದ ಹಳೆಯ ಪೆಟ್ರೋಲನ್ನು ಇಳಿಸಿ, ನೀರು ಬೇರ್ಪಟ್ಟಿದೆಯೇ ಎಂದು ಗಾಜಿನ ಬಾಟಲಿಯಲ್ಲಿ ನೋಡಿಯೇ ಚಾಲೂ ಮಾಡುತ್ತೇನೆ.

ಇಂಜೆಕ್ಷನ್ ತೆಗೆದು ಕಾರ್ಬ್ಯುರೇಟರ್ ಹಾಕಿದ್ದೀರಾ?

ಹಾಕಿಲ್ಲ. ಹಾಕಿ ಎಂದು ಹೇಳಿದ ಮೇಸ್ತ್ರಿಗಳ ಲೆಕ್ಕ ತಪ್ಪಿದೆ. ಇದರಲ್ಲಿ ಬಾಷ್ ಕಂಪನಿಯ ಯಾಂತ್ರಿಕ ಇಂಜೆಕ್ಷನ್ ಪಂಪ್ ಇದೆ, ಡೀಸೆಲ್ ಲಾರಿಯ ಪಂಪಿನ ದಾಯಾದಿ. ಆರು ಸಿಲಿಂಡರಿಗೆ ಪೆಟ್ರೋಲ್ ಒತ್ತಲು ಮೇಲೆ ಕೆಳಗೆ ಆಡುವ ಆರು ಪುಟ್ಟ ದಂಡಗಳು. ಕಂಪ್ಯೂಟರ್ ಇಲ್ಲ, ಒಂದು ವೈರಿನ ಬುದ್ಧಿಯೂ ಇಲ್ಲ. ಕಾಲಿನ ತುಳಿತ, ಎಂಜಿನ್ನಿನ ವೇಗ, ನೀರಿನ ಬಿಸಿ, ಹೊರಗಿನ ಗಾಳಿಯ ಒತ್ತಡ ನಾಲ್ಕನ್ನೂ ಸ್ಪ್ರಿಂಗು, ತೂಕ, ಉಬ್ಬುತಗ್ಗಿನ ಒಂದು ಉಕ್ಕಿನ ತುಂಡು ಸೇರಿ ಅಳೆದು ಪೆಟ್ರೋಲ್ ಹಂಚುತ್ತವೆ. ಕಡಲ ಮಟ್ಟದ ಕುಮಟೆಯಿಂದ ಸುಮಾರು 600 ಮೀಟರ್ ಎತ್ತರದ ಶಿರಸಿಗೆ ಏರುವಾಗ ಗಾಳಿ ತೆಳ್ಳಗಾದದ್ದೂ ಅದಕ್ಕೆ ಗೊತ್ತಾಗುತ್ತದೆ.

ಕೆಟ್ಟಾಗ ಮಾತ್ರ ಗೋಳು. 2010ರಲ್ಲಿ ಬಿಸಿಯಾದ ಮೇಲೂ ಕಪ್ಪು ಹೊಗೆ, ಪ್ಲಗ್ಗಿನಲ್ಲಿ ಮಸಿ. ಚಳಿಯಲ್ಲಿ ಹೆಚ್ಚು ಪೆಟ್ರೋಲ್ ಕೊಟ್ಟು, ಬಿಸಿಯಾದಂತೆ ತಗ್ಗಿಸಬೇಕಾದ ಪಂಪಿನ ಬೆನ್ನಿನ ಉಷ್ಣಸಾಧನ ಕಚ್ಚಿಕೊಂಡಿತ್ತು. ಮೂವರು ಮೇಸ್ತ್ರಿಗಳು ಎರಡು ಕಾರ್ಬ್ಯುರೇಟರ್ ಕೂರಿಸಿ ಕೈ ತೊಳೆದುಕೊಳ್ಳೋಣ ಎಂದರು. ಪಂಪನ್ನು ಬಿಚ್ಚಿ, ಹಳೆಯ ಸೀರೆಯಲ್ಲಿ ಸುತ್ತಿ, ಮರದ ಪೆಟ್ಟಿಗೆಯಲ್ಲಿಟ್ಟು ಜರ್ಮನಿಗೆ ಕಳುಹಿಸಿದೆ. ಏಳು ತಿಂಗಳ ಬಳಿಕ ಪರೀಕ್ಷಾ ಪಟ್ಟಿಯೊಂದಿಗೆ ವಾಪಸು ಬಂತು. ಸೀರೆಯನ್ನೂ ಮಡಚಿ ಇಟ್ಟಿದ್ದರು. ಈಗ ಬೆಳಿಗ್ಗೆ ಕೀಲಿ ತಿರುಗಿಸಿದರೆ ಹಿಂದಿನಿಂದ ಪೆಟ್ರೋಲ್ ಮೋಟಾರಿನ ಗುಂಯ್ ಸದ್ದು, ನಾಲ್ಕು ಎಣಿಸಿ ಸೆಲ್ಫ್ ಹೊಡೆಯಿರಿ, ಎರಡನೇ ಸುತ್ತಿಗೆ ಹಿಡಿಯುತ್ತದೆ. ಮೊದಲ ಎರಡು ನಿಮಿಷ ಸ್ವಲ್ಪ ಏರುದನಿ, ಆಮೇಲೆ ತಾನಾಗಿ ಇಳಿಯುತ್ತದೆ. ಪೆಡಲ್ ತುಳಿದು ರೇಗಿಸಬೇಡಿ.

ಘಾಟಿ ಹತ್ತುತ್ತದೆಯೇ? ಎಷ್ಟು ವೇಗ ಹೋಗುತ್ತದೆ?

1963ರಲ್ಲಿ ಸ್ಪಾ–ಸೋಫಿಯಾ–ಲಿಯೇಜ್ ಎಂಬ ಹಗಲಿರುಳಿನ ರ‍್ಯಾಲಿಯನ್ನು ಓಯ್ಗೆನ್ ಬೋರಿಂಗರ್ ಗೆದ್ದದ್ದು 230 ಎಸ್‌ಎಲ್‌ನಲ್ಲೇ. ಯುಗೊಸ್ಲಾವಿಯದ ಕಲ್ಲುದಾರಿ ಮುಗಿಸಿದ ಕಾರಿಗೆ ದೇವಿಮನೆ ಘಾಟಿ ದೊಡ್ಡದಲ್ಲ. ಕಂಪನಿ ಹೇಳುವ ಗರಿಷ್ಠ ವೇಗ ಗಂಟೆಗೆ 200 ಕಿ.ಮೀ. ನಾನು 110 ದಾಟಿಲ್ಲ, ಅದೂ ಅಂಕೋಲೆ ಬಳಿ ಹೆದ್ದಾರಿಯಲ್ಲಿ ಒಮ್ಮೆ. ಇಳಿಜಾರಿನ ತಿರುವಿನಲ್ಲಿ ಆಕ್ಸಿಲರೇಟರ್‌ನಿಂದ ಕಾಲನ್ನು ಥಟ್ಟನೆ ಎತ್ತಬೇಡಿ. ಹಿಂದಿನ ಅಚ್ಚು ತೂಗುವ ಜಾತಿಯದು, ಭಾರ ಮುಂದೆ ಹೋದರೆ ಹಿಂದಿನ ಚಕ್ರ ಒಳಗೆ ಮಡಚಿ ಬಾಲ ಹೊರಳಿಸಬಹುದು. ಬ್ರೇಕ್ ತಿರುವಿಗೆ ಮೊದಲು, ಆಕ್ಸಿಲರೇಟರ್ ತಿರುವಿನ ಒಳಗೆ. ಅಪ್ಪ ಕಲಿಸಿದ್ದು ಅಷ್ಟೇ.

ಎಷ್ಟು ಜನ ಕೂರಬಹುದು? ಎ.ಸಿ. ಇದೆಯೇ?

ಇಬ್ಬರು. ಎ.ಸಿ. ಇಲ್ಲ. ಹೀಟರ್ ಇದೆ, ನಲವತ್ತಾರು ವರ್ಷದಲ್ಲಿ ಎರಡು ಸಲ ಹಾಕಿದ್ದೇವೆ, ಎರಡೂ ಸಲ ಕೈತಪ್ಪಿ. ಆಸನದ ಹಿಂದೆ ಒಂದು ಬಾಳೆಗೊನೆ ಇಡುವಷ್ಟು ಜಾಗವಿದೆ.

ಏನೇನು ಸರಿಯಿಲ್ಲ?

ಗಡಿಯಾರ ನಿಂತಿದೆ, ಈ ಕಾರುಗಳಲ್ಲಿ ನಡೆಯುವ ಗಡಿಯಾರ ನಾನು ಕಂಡಿಲ್ಲ. ತಣ್ಣಗಿರುವಾಗ ಎರಡನೇ ಗೇರು ಕರ್ ಎನ್ನುತ್ತದೆ, ಹತ್ತು ನಿಮಿಷ ನಿಧಾನಕ್ಕೆ ಹಾಕಿ. ಗಟ್ಟಿ ಮಾಡಿನ ಹಿಂದಿನ ಎಡ ಮೂಲೆಯ ರಬ್ಬರ್ ಜೋರು ಮಳೆಗೆ ಒಸರುತ್ತದೆ. ಪಕ್ಕದ ಆಸನದ ಚಾಪೆ ಮೂಲದ್ದಲ್ಲ. ಹಿಂದಿನ ಬಂಪರಿನ ಕ್ರೋಮ್‌ನಲ್ಲಿ ಸಣ್ಣ ಗುಳ್ಳೆಗಳಿವೆ. ಟೈರುಗಳು ಚೆನ್ನಾಗಿ ಕಾಣುತ್ತವೆ, ಬದಿಯ ನಾಲ್ಕು ಅಂಕಿ ಓದಿ: 3418, ಅಂದರೆ 2018ರ 34ನೇ ವಾರ ತಯಾರಾದವು. ಸವೆಯದಿದ್ದರೂ ವಯಸ್ಸಾಗಿವೆ, ನೀವು ಬದಲಿಸಲೇಬೇಕು. ಮುಂದಿನ ಚಕ್ರಗಳು ಎಡಬಲ ತಿರುಗುವ ಕೀಲುಗಳಾದ ಕಿಂಗ್‌ಪಿನ್‌ಗಳಿಗೆ 5,000 ಕಿ.ಮೀ.ಗೊಮ್ಮೆ ಗ್ರೀಸ್ ಬೇಕು. ಗ್ರೀಸ್ ಗನ್ ಜೊತೆಗೇ ಕೊಡುತ್ತೇನೆ. ಬಳಸಿ.

ಸಂಖ್ಯೆಗಳು ಹೊಂದುತ್ತವೆಯೇ?

ಚಾಸಿ ಸಂಖ್ಯೆ 113042ರಿಂದ ಆರಂಭ. ಆ ಬಳಿಕದ 20 ಎಂಬುದು ಬಲಗಡೆ ಸ್ಟೀರಿಂಗ್, ಕೈ ಗೇರು ಎಂಬುದರ ಗುರುತು. ಎಂಜಿನ್ 127981ರಿಂದ ಆರಂಭ. ಎರಡೂ ಕಂಪನಿಯ ಮೂಲ ಡೇಟಾ ಕಾರ್ಡ್‌ನಲ್ಲಿ (ಕಾರ್ಖಾನೆಯವರು ಕಾರಿನ ವಿವರ ಬರೆದಿಟ್ಟ ಪಟ್ಟಿ) ಇದ್ದಂತೆಯೇ ಇವೆ. ಗಟ್ಟಿ ಮಾಡಿನ ಮೇಲೂ ಇದೇ ಕಾರಿನ ಬಾಡಿ ಸಂಖ್ಯೆ ಒತ್ತಿದೆ. ಪೂರ್ತಿ ಸಂಖ್ಯೆ ಫೋನಿನಲ್ಲಿ ಹೇಳುವುದಿಲ್ಲ, ಬಂದು ಓದಿಕೊಳ್ಳಿ.

ಆರ್‌ಸಿ, ನೋಂದಣಿ ಹೇಗಿದೆ?

ಕೇಂದ್ರ ಸರ್ಕಾರ 2021ರ ಜುಲೈನಲ್ಲಿ ವಿಂಟೇಜ್ ವಾಹನಗಳ ನಿಯಮ ತಂದಿತು. ಮೊದಲ ನೋಂದಣಿಯಿಂದ 50 ವರ್ಷ ದಾಟಿ, ಮೂಲ ರೂಪ ಉಳಿಸಿಕೊಂಡಿರುವ ಖಾಸಗಿ ವಾಹನ ವಿಂಟೇಜ್ ಆಗುತ್ತದೆ. ಹೊಸದಾಗಿ ನೋಂದಾಯಿಸುವವರಿಗೆ 20,000 ರೂಪಾಯಿ ಶುಲ್ಕ, ‘ವಿಎ’ ಅಕ್ಷರಗಳ ಸಂಖ್ಯೆ, ಹತ್ತು ವರ್ಷದ ಅವಧಿ. ನವೀಕರಣಕ್ಕೆ 5,000. ಮೊದಲೇ ನೋಂದಣಿಯಾಗಿದ್ದ ವಾಹನಕ್ಕೆ ಹಳೆಯ ಸಂಖ್ಯೆ ಉಳಿಯುತ್ತದೆ. ನಮ್ಮದು ಕೆಎ ಅಕ್ಷರಗಳು ಬರುವ ಮೊದಲಿನ ಸಂಖ್ಯೆ, ಹಾಗೇ ಇದೆ. ಕೆಎ-31 ಕೊಡಿಸುತ್ತೇನೆಂದು ಬಂದ ಏಜೆಂಟರನ್ನು ಚಹಾ ಕುಡಿಸಿ ಕಳುಹಿಸಿದ್ದೇನೆ. ಮಾರಿದ ಮೇಲೆ 90 ದಿನದೊಳಗೆ ಸಾರಿಗೆ ಪ್ರಾಧಿಕಾರಕ್ಕೆ ತಿಳಿಸಬೇಕು. ಸಾಲ, ಅಡಮಾನ ಯಾವುದೂ ಇಲ್ಲ. ವಿಮೆ ಚಾಲ್ತಿಯಲ್ಲಿದೆ.

ಒಂದನ್ನು ಗಮನಿಸಿ. ವಿಂಟೇಜ್ ಎಂದಾದ ಮೇಲೆ ದಿನನಿತ್ಯ ಓಡಿಸುವಂತಿಲ್ಲ. ಪ್ರದರ್ಶನ, ವಿಂಟೇಜ್ ರ‍್ಯಾಲಿ, ತಾಂತ್ರಿಕ ಸಂಶೋಧನೆ, ಇಂಧನ ತುಂಬಿಸುವುದು, ನಿರ್ವಹಣೆ ಇಷ್ಟಕ್ಕೆ ಮಾತ್ರ ರಸ್ತೆಗಿಳಿಸಬಹುದು. ಕಚೇರಿಗೆ ಹೋಗಲು ಕಾರು ಹುಡುಕುತ್ತಿದ್ದರೆ ಇದಲ್ಲ.

ಎಂಜಿನ್ ತೆಗೆದು ವಿದ್ಯುತ್ ಮೋಟಾರ್ ಕೂರಿಸಬಹುದೇ?

ಕೂರಿಸಿದರೆ ವಿಂಟೇಜ್ ಪಟ್ಟ ಹೋಗುತ್ತದೆ. ಕೊಳ್ಳುವ ಮೊದಲು ಈ ಆಲೋಚನೆ ನನಗೆ ತಿಳಿದರೆ ಕಾರೂ ಹೋಗುತ್ತದೆ, ಬೇರೆಯವರ ಮನೆಗೆ.

ಬಿಡಿಭಾಗ ಸಿಗುತ್ತವೆಯೇ?

ಅಚ್ಚರಿಯೆಂದರೆ ಸಿಗುತ್ತವೆ, ಹದಿನೈದು ವರ್ಷದ ಹಿಂದಿನ ಸಾಧಾರಣ ಕಾರಿಗಿಂತ ಸುಲಭವಾಗಿ. ಸ್ಟಟ್‌ಗಾರ್ಟ್ ಪಕ್ಕದ ಫೆಲ್‌ಬಾಖ್‌ನಲ್ಲಿ ಕಂಪನಿಯದೇ ಹಳೆಯ ಕಾರುಗಳ ಕೇಂದ್ರವಿದೆ. ರಬ್ಬರ್ ಪಟ್ಟಿಯಿಂದ ಹಿಡಿದು ಅನೇಕ ಭಾಗಗಳನ್ನು ಇಂದಿಗೂ ಮಾರುತ್ತಾರೆ. ಬೆಲೆ, ಸಾಗಣೆ, ಸುಂಕ ಮೂರನ್ನೂ ಕೂಡಿಸಿ ನೋಡಿದ ದಿನ ರಾತ್ರಿ ಊಟ ಸೇರುವುದಿಲ್ಲ. ಎರಡು ಪೆಟ್ಟಿಗೆ ಬಿಡಿಭಾಗ ನನ್ನ ಬಳಿಯಿವೆ: ಬ್ರೇಕ್ ಪ್ಯಾಡ್, ನೀರಿನ ಪಂಪ್, ಒಂದು ಹೆಡ್‌ಲೈಟ್ ಗಾಜು, ಪೆಟ್ರೋಲ್ ಸಿಂಪಡಿಸುವ ಆರು ಇಂಜೆಕ್ಷನ್ ನಾಝಲ್‌ಗಳು. ಅವೂ ಬೆಲೆಯಲ್ಲಿ ಸೇರಿವೆ.

ಕೊನೆಯ ಬೆಲೆ ಹೇಳಿ.

ಮೊದಲ ಬೆಲೆಯೇ ಕೊನೆಯದು: 1 ಕೋಟಿ 10 ಲಕ್ಷ. ಮೇಲೆ ಹೇಳಿದ ಕೊರತೆಗಳನ್ನೆಲ್ಲ ಎಣಿಸಿ, ಕಳೆದು, ಆಮೇಲೆ ಹಾಕಿದ ಅಂಕಿ ಅದು. ಅದೇ ಕೊರತೆಗಳನ್ನು ತೋರಿಸಿ ಮತ್ತೆ ಇಳಿಸಲು ಬರುವುದಿಲ್ಲ. ಪಟ್ಟಿಯಲ್ಲಿ ಇಲ್ಲದ ಕೊರತೆ ನೀವು ಹುಡುಕಿದರೆ ಕೂತು ಮಾತನಾಡೋಣ. ಇದುವರೆಗೆ ಒಬ್ಬರು ಹುಡುಕಿದ್ದಾರೆ (ಬಂಪರಿನ ಗುಳ್ಳೆ, ಈಗ ಪಟ್ಟಿಗೆ ಸೇರಿಸಿದ್ದೇನೆ). ಕಂತು ಇಲ್ಲ, ಬದಲಿಗೆ ಜಾಗ, ಫ್ಲ್ಯಾಟ್, ಅಡಿಕೆ ಯಾವುದೂ ಬೇಡ. ಬಾಕಿ ಇಡುವ ಮಾತನ್ನಂತೂ ಈ ಮನೆಯಲ್ಲಿ ಎತ್ತಲೇಬೇಡಿ.

ಮದುವೆಗೆ, ಫೋಟೊ ತೆಗೆಯಲು ಬಾಡಿಗೆಗೆ ಕೊಡುತ್ತೀರಾ?

ಇಲ್ಲ. ಒಮ್ಮೆ ಕೊಟ್ಟಿದ್ದೆ. ಬಾನೆಟ್ ಮೇಲೆ ಸೇವಂತಿಗೆ ಹಾರವನ್ನು ಅಂಟುಪಟ್ಟಿಯಿಂದ ಅಂಟಿಸಿದ್ದರು. ಕೀಳುವಾಗ ಬಣ್ಣವೂ ಬಂತು.

ಇಷ್ಟು ಪ್ರೀತಿಯಿದ್ದರೆ ಯಾಕೆ ಮಾರುತ್ತೀರಿ?

ಮೊಣಕಾಲು. ಕಾರು ನೆಲಕ್ಕೆ ಹತ್ತಿರ, ನನಗೆ ಅರವತ್ತಾರು. ಕೂರುವುದು ಸಲೀಸು, ಏಳಲು ಬಾಗಿಲ ಚೌಕಟ್ಟು ಹಿಡಿದು, ಎಡಗಾಲು ಮೊದಲೋ ಬಲಗಾಲು ಮೊದಲೋ ಎಂದು ಯೋಚಿಸಬೇಕು. ಹೋದ ವರ್ಷ ಕಾರಿನಡಿ ಮಲಗಿ ಮೇಣ ಸಿಂಪಡಿಸಿದ ಮೇಲೆ ಎದ್ದೇಳಲಾಗದೆ ಹೆಂಡತಿಯನ್ನು ಕೂಗಿದೆ. ಅವಳು ಕೊಯ್ಲಿನ ಲೆಕ್ಕ ಬರೆಯುತ್ತಿದ್ದಳು, ಮುಗಿಸಿಯೇ ಬಂದಳು. ಮಗಳು ಜರ್ಮನಿಯಲ್ಲೇ ಕೆಲಸದಲ್ಲಿದ್ದಾಳೆ. ಅವಳಿಗೆ ಕಾರು ಬೇಡ, ಸೈಕಲ್ಲು ಸಾಕಂತೆ. ಎತ್ತಿಡುವ ಕೈ ಇಲ್ಲದ ಮನೆಯಲ್ಲಿ ಇದು ಮೂರು ಮಳೆಗಾಲ ತಾಳುವುದಿಲ್ಲ. ಕೋಡಿಬಾಗದಲ್ಲಿ ಎರಡೇ ಸಾಕಾಗಿತ್ತು.

ನೋಡಲು ಯಾವಾಗ, ಹೇಗೆ ಬರಬೇಕು?

ಬೆಳಿಗ್ಗೆ ಎಂಟಕ್ಕೆ ಬನ್ನಿ, ಎಂಜಿನ್ ತಣ್ಣಗಿರುವಾಗ. ಯಾರಾದರೂ ಹಳೆಯ ಕಾರನ್ನು ಮೊದಲೇ ಬಿಸಿ ಮಾಡಿಟ್ಟು ತೋರಿಸಿದರೆ ಅಲ್ಲಿಂದಲೇ ತಿರುಗಿ ಹೋಗಿ, ನನ್ನದಾದರೂ ಸರಿ. ಟಾರ್ಚ್, ಹಳೆಯ ಬಟ್ಟೆ, ನಂಬುವ ಮೇಸ್ತ್ರಿ ಇದ್ದರೆ ಕರೆತನ್ನಿ. ಹೊಂಡದ ಮೇಲೆ ನಿಲ್ಲಿಸಿ ಅಡಿಯೆಲ್ಲ ನೋಡಬಹುದು. ಓಡಿಸಿ ನೋಡಲು ಬೇರೆ ಸವಾರಿ ಇಲ್ಲ, ಪೆಟ್ರೋಲ್ ಹಾಕಿಸಲು ಪೇಟೆಗೆ ಹೋಗುವಾಗ ಪಕ್ಕದಲ್ಲಿ ಕೂರಿ. ವಾಪಸು ಬರುವಾಗ ನೀವು ಓಡಿಸಿ, ನಾನು ಪಕ್ಕದಲ್ಲಿ. ಮಾರಿಕಾಂಬಾ ಜಾತ್ರೆಯ ದಿನಗಳಲ್ಲಿ ಮಾತ್ರ ಬೇಡ, ಪೇಟೆಯಲ್ಲಿ ಕಾಲಿಡಲೂ ಜಾಗವಿರುವುದಿಲ್ಲ.

ಮೊಬೈಲ್ ನಕ್ಷೆಯನ್ನು ನಂಬಬೇಡಿ. ಅದು ನಮ್ಮ ಮನೆಯೆಂದು ತೋಟದ ಕಾಲುದಾರಿ ತೋರಿಸುತ್ತದೆ, ಹಾಗೆ ನಂಬಿ ಬಂದ ಇಬ್ಬರ ಕಾರುಗಳನ್ನು ಟ್ರ್ಯಾಕ್ಟರ್ ಹಚ್ಚಿ ಎಳೆಸಿದ್ದೇನೆ. ಮುಖ್ಯ ರಸ್ತೆಯ ತಿರುವಿನಲ್ಲಿ ಬಸ್ ತಂಗುದಾಣವಿದೆ, ಅಲ್ಲಿ ನಿಂತು ಫೋನು ಮಾಡಿ. ಸಿಗ್ನಲ್ ಇರುವುದೂ ಅಲ್ಲೊಂದೇ ಕಡೆ.